ಸಹಿಗೆ ಹೆದರಿದ ದಿನಗಳು

ಮೊನ್ನೆ ಬೆಳಿಗ್ಗೆ ನನ್ನ ಸಂಶೋಧನಾ ವಿದ್ಯಾರ್ಥಿನಿ ಸುಚಿತ್ರಾ ಸ್ಟೈಫಂಡಿನ ಹಾಜರಾತಿ ಪತ್ರ ಹಿಡಿದು ಬಂದಳು. ಸಹಿ ಹಾಕಿ, ಸೀಲನ್ನು ಪ್ಯಾಡಿಗೆ ಒತ್ತಿದೆ. ಆ ನೇರಳೆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೀಲನ್ನು ಮೇಜಿನ ಮೇಲಿಟ್ಟುಬಿಟ್ಟೆ. ಸಹಿ ಹಾಕುವವಳು ಈಗ ನಾನೇ, ಸೀಲೂ ನನ್ನದೇ. ಆದರೂ ಹೆದರಿದೆ. ನೀವು ನಗಬಹುದು. ಆದರೆ ತಿಂಗಳ ಕೊನೆಯಲ್ಲಿ ಒಂದು ಸಹಿಗಾಗಿ ಬಾಗಿಲ ಹೊರಗೆ ನಿಂತವರಿಗೆ ಆ ವಾಸನೆ ಏನೆಂದು ಗೊತ್ತು.

ಆಗ ನಾನು ಮಂಡ್ಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸುವ ಯೋಜನೆಯೊಂದು ನನ್ನ ಗೈಡಿಗೆ ಸಿಕ್ಕಿತ್ತು. ಅದರ ಕೆಲಸ ಮಾಡಿಕೊಡುತ್ತ ನಾನು ಪಿಎಚ್.ಡಿ. ಮುಗಿಸಬೇಕು. ತಿಂಗಳಿಗೊಮ್ಮೆ ಅವರು ‘ಕೆಲಸ ತೃಪ್ತಿಕರ’ ಎಂದು ಬರೆದು ಸಹಿ ಹಾಕಬೇಕು. ಹಾಕಿದರೆ ಸ್ಟೈಫಂಡು, ಇಲ್ಲದಿದ್ದರೆ ಮಳವಳ್ಳಿಯ ಬಸ್ಸು ಹತ್ತಿ ಮನೆಗೆ. ಮನೆಯಲ್ಲಿ ನನಗಾಗಿ ಒಂದು ಗಂಡು ಕಾದು ಕೂತಿತ್ತು. ಚಿಕ್ಕಪ್ಪ ಒತ್ತಾಯ ಮಾಡಿದಾಗಲೆಲ್ಲ ಅಪ್ಪ, “ಆ ಸ್ಟೈಫಂಡು ಬರಗಂಟ ಓದ್ಕಳ್ಳಿ ಬುಡ್ಲಾ. ನಿಂತೋದ್ರೆ ಆಗ ನೋಡ್ಕಳವ,” ಅನ್ನುತ್ತಿದ್ದರು. ನನ್ನ ಪರವಾಗಿಯೇ ಹೇಳಿದ ಮಾತು ಅದು. ನನ್ನನ್ನು ಹೆಚ್ಚು ಹೆದರಿಸಿದ್ದೂ ಅದೇ.

ಗೈಡು ಮದ್ದೂರಿನವರು. ಬೈಯುತ್ತಿರಲಿಲ್ಲ, ಅದೇ ತೊಂದರೆ. ಬೈಯುವವರಾದರೆ ಎಲ್ಲಿ ನಿಂತಿದ್ದೇವೆಂದಾದರೂ ತಿಳಿಯುತ್ತದೆ. ಇವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ಅವರ ಕೋಣೆಗೆ ಹೋಗುವ ಮೊದಲು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಒಮ್ಮೆ ಚೀಟಿಯಲ್ಲಿ ‘ನಮಸ್ಕಾರ ಸಾರ್’ ಎಂಬುದನ್ನೂ ಬರೆದುಕೊಂಡಿದ್ದೆ ಎಂದರೆ ನನ್ನ ಶೌರ್ಯವನ್ನು ನೀವೇ ಅಳೆದುಕೊಳ್ಳಿ. ಸೇರಿದ ದಿನವೇ ಅವರು ಒಂದು ಮಾತು ಹೇಳಿದ್ದರು: “ವರದಿ ಒಪ್ಪಿಸೋ ತನಕ ಒಂದು ಅಂಕಿಯೂ ಹೊರಗೆ ಹೋಗಬಾರದು.”

ವಾರಕ್ಕೆರಡು ದಿನ ಬಾಟಲಿಗಳ ಚೀಲ ಹೊತ್ತು ಕೆರಗೋಡು, ಬಸರಾಳು ಕಡೆಯ ಬಸ್ಸು ಹತ್ತುತ್ತಿದ್ದೆ. ಆ ದಾರಿಯಲ್ಲಿ ಇಳಿದು ಗದ್ದೆಬದುವಿನ ಮೇಲೆ ನಡೆದರೆ ಒಂದು ಪುಟ್ಟ ಊರು. ಹೆಸರು ಬೇಡ. ಅಲ್ಲಿ ಸಾಕಮ್ಮ ಎಂಬ ಅಜ್ಜಿಯ ಹಿತ್ತಲಲ್ಲೊಂದು ಬೋರ್‌ವೆಲ್ಲಿತ್ತು. ನಾನು ನೀರು ತುಂಬುವುದನ್ನು ಅವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

“ನಮ್ ನೀರು ಸಂದಾಗದಾ ಕಣವ್ವ?” ಎಂದು ಕೇಳಿದರು.

“ಪರೀಕ್ಷೆ ಮಾಡಬೇಕು ಅಜ್ಜಿ.”

“ಮಾಡಿ ಯೋಳು. ಸೊಸೆಗೆ ಎದೆಯಾಲಿಲ್ಲ. ಕೂಸಿಗೆ ಪುಡಿ ಆಲ್ನ ಇದ್ರಲ್ಲೇ ಕಲಸೋದು.”

ಜಗುಲಿಯ ಮೇಲೆ ಎರಡು ತಿಂಗಳ ಹೆಣ್ಣು ಕೂಸು ಮಲಗಿತ್ತು.

ಹನ್ನೊಂದನೇ ತಾರೀಖು ಪರೀಕ್ಷೆ ಮಾಡಿದೆ. ನೈಟ್ರೇಟು ಮಿತಿಮೀರಿತ್ತು. ಗದ್ದೆಗೆ ಸುರಿದ ಗೊಬ್ಬರದ ಉಪ್ಪು ಅದು, ಮಣ್ಣಿನೊಳಗೆ ಇಳಿದು ನೀರಿಗೆ ಸೇರುತ್ತದೆ. ದೊಡ್ಡವರು ಹೇಗೋ ತಾಳಿಕೊಳ್ಳುತ್ತಾರೆ. ಎಳೆಗೂಸಿನ ರಕ್ತಕ್ಕೆ ಮಾತ್ರ ಉಸಿರು ಹೊರುವ ಶಕ್ತಿಯೇ ಕುಗ್ಗಿ, ಮೈ ನೀಲಿಗಟ್ಟುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತಪ್ಪಿರಬಹುದೆಂದು ಇನ್ನೊಮ್ಮೆ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಅಂಕಿ ಬದಲಾಗಲಿಲ್ಲ.

ಆಮೇಲೆ ನಾನು ಮಾಡಿದ್ದೇನು? ನೋಟುಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟೆ. ಹೇಳಿದರೆ ನಿಯಮ ಮುರಿದಂತೆ. ಮುರಿದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಮಳವಳ್ಳಿ. ಗೈಡಿನ ಬಾಗಿಲವರೆಗೆ ಎರಡು ಸಲ ಹೋದೆ. ಚೀಟಿ ಕೈಯಲ್ಲೇ ಇತ್ತು. ಒಳಗೆ ಅವರು ಕೆಮ್ಮಿದ ಸದ್ದು ಕೇಳಿ ವಾಪಸಾದೆ. ವರದಿ ಇನ್ನೇನು ಬಂದುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ವರದಿಗೆ ಇನ್ನೂ ಏಳು ತಿಂಗಳಿತ್ತು.

ಇಪ್ಪತ್ಮೂರನೆಯ ತಾರೀಖು ತಡೆಯಲಾರದೆ ಬಸ್ಸು ಹತ್ತಿದೆ. ಸಾಕಮ್ಮನ ಹಿತ್ತಲಲ್ಲಿ ನಿಂತು, “ಅಜ್ಜಿ, ಈ ನೀರನ್ನು ಮಗುವಿಗೆ ಕೊಡಬೇಡಿ,” ಎಂದೆ.

“ಕಾಯ್ಸೇ ಕೊಡೋದು ಕಣವ್ವ.”

“ಕಾಯಿಸಿದರೆ ಹೋಗಲ್ಲ ಅಜ್ಜಿ. ಬೀದಿ ಕೊನೆಯ ನಲ್ಲಿಯಲ್ಲಿ ಹೊಳೆ ನೀರು ಬರುತ್ತಲ್ಲ, ಅದರಲ್ಲಿ ಕಲಸಿ.”

ಅವರು ನನ್ನ ಮುಖವನ್ನೇ ನೋಡಿದರು. “ವೋದ್ವಾರ ಕೂಸಿನ ತುಟಿ ನೀಲಿಗಟ್ಟಿತ್ತು. ಮಂಡ್ಯದ ಆಸ್ಪತ್ರೆಗೆ ಎತ್ಕಂಡು ಓದೊ. ಎಲ್ಡು ದಿವ್ಸ ಮಡಿಕಂಡು ಕಳ್ಸುದ್ರು. ಇದ್ಕೇಯಾ ಅಂಗಾದ್ದು?”

“ಗೊತ್ತಿಲ್ಲ,” ಎಂದೆ. ಅದು ಸುಳ್ಳಲ್ಲ. ಇವತ್ತಿಗೂ ಗೊತ್ತಿಲ್ಲ. ಆದರೆ ಅವರ ಜಗುಲಿಯ ಮೇಲೆ ಕೂರಲು ನನ್ನಿಂದಾಗಲಿಲ್ಲ.

ನಾಲ್ಕನೆಯ ದಿನ ಆ ಊರಿನ ಯಾರೋ ಗೈಡಿಗೆ ಫೋನು ಮಾಡಿ, ನಿಮ್ಮ ಹುಡುಗಿ ನಮ್ಮ ನೀರನ್ನು ವಿಷ ಅಂತಾಳಂತೆ ಎಂದು ಜಗಳ ತೆಗೆದರು. ನನಗೆ ಕರೆ ಬಂತು. ಚೀಟಿ ಬರೆದುಕೊಳ್ಳಲೂ ಸಮಯವಿರಲಿಲ್ಲ. ಅವರು ನೋಟುಪುಸ್ತಕ ತರಿಸಿ, ಪುಟ ತಿರುವಿ ನಿಲ್ಲಿಸಿದರು.

“ಟೆಸ್ಟ್ ಮಾಡಿದ್ದು ಹನ್ನೊಂದಕ್ಕೆ. ಅವರಿಗೆ ಹೇಳಿದ್ದು?”

“ಇಪ್ಪತ್ಮೂರಕ್ಕೆ ಸಾರ್.”

“ಆ ಹನ್ನೆರಡು ದಿವಸ ಮಗು ಏನು ಕುಡೀತು?”

“ಹೊರಗೆ ಹೇಳಬಾರದು ಅಂದಿದ್ರಿ ಸಾರ್.”

“ಅಂದಿದ್ದೆ. ನನ್ನ ಹತ್ರ ಹೇಳಬಾರದು ಅಂದಿದ್ನಾ?” ನೋಟುಪುಸ್ತಕ ಮುಚ್ಚಿ, ಮೆತ್ತಗೆ ಕೇಳಿದರು: “ನನ್ನ ಕಂಡ್ರೆ ಅಷ್ಟೊಂದು ಭಯಾನಮ್ಮ ನಿಂಗೆ?”

ಉತ್ತರಕ್ಕೆ ಕಾಯದೆ, ಆ ಊರಿನ ನೀರಿನ ವಿಷಯ ತಿಳಿಸಿ ಯೋಜನೆ ಕೊಟ್ಟ ಕಚೇರಿಗೆ ಆಗಲೇ ಪತ್ರ ಬರೆಯಲು ಕೂತರು. ಬರೆಯುವಾಗ ಅವರ ಪೆನ್ನು ಎರಡು ಸಲ ತಡೆದು ನಿಂತಿತು. ಅವರೂ ಮೇಲಿನವರ ಒಂದು ಸಹಿಗೆ ಹೆದರುವವರೇ ಎಂದು ಆಗ ಮೊದಲ ಸಲ ಹೊಳೆಯಿತು. ಮುಂದಿನ ವರ್ಷ ಆ ಯೋಜನೆ ಮುಂದುವರಿಯಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ. ಅವರು ಎಲ್ಲೆಲ್ಲೋ ಓಡಾಡಿ ನನಗೆ ಬಿ.ಎಸ್ಸಿ. ಹುಡುಗರ ಲ್ಯಾಬಿನಲ್ಲಿ ಪಾಠ ಹೇಳುವ ಅಸಿಸ್ಟೆಂಟ್ ಕೆಲಸ ಕೊಡಿಸಿದರು. ಅದರ ಆಸರೆಯಲ್ಲೇ ಪಿಎಚ್.ಡಿ. ಮುಗಿಯಿತು. ಕೂಸು ಉಳಿಯಿತು. ಶಾಲೆಗೆ ಸೇರಿದಳೆಂದು ಒಮ್ಮೆ ಸಾಕಮ್ಮ ಫೋನಿನಲ್ಲಿ ಹೇಳಿದ್ದರು.

ಇದೆಲ್ಲ ನೆನಪಾದ ಮೇಲೆ ನನಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನ ಲ್ಯಾಬಿಗೆ ಹೋಗಿ ಸುಚಿತ್ರಾಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ನನ್ನನ್ನು ಕಂಡು ಅವಳು ಎದ್ದು ನಿಂತಳು.

“ಕೂತ್ಕೊ. ನನಗೆ ಹೇಳೋಕೆ ಹೆದರಿ ಏನಾದ್ರೂ ಇಟ್ಕೊಂಡಿದ್ದೀಯಾ?”

ಇಲ್ಲ ಮೇಡಂ ಎಂದಳು. ಹತ್ತು ನಿಮಿಷ ನಾನು ಏಳಲಿಲ್ಲ. ಆಮೇಲೆ ಅವಳು ಬಾಯಿಬಿಟ್ಟಳು. “ಜುಲೈ ತಿಂಗಳ ನೀರಿನ ಸ್ಯಾಂಪಲ್ಲು ನಾನು ತರ್ಲೇ ಇಲ್ಲ ಮೇಡಂ. ಜರ ಬಂದಿತ್ತು. ಸ್ಟೈಫಂಡು ನಿಲ್ತದೆ ಅಂತ ಜೂನಿನ ಅಂಕಿ ನೋಡ್ಕಂಡು ಅಂದಾಜಲ್ಲಿ ಬರ್ದ್‌ಬುಟ್ಟೆ.”

ಆ ಅಂಕಿಗಳು ನನ್ನ ಸಹಿಯೊಂದಿಗೆ ಆಗಲೇ ಮೇಲಿನ ಕಚೇರಿಗೆ ಹೋಗಿದ್ದವು. ಬೈಯಬೇಕೆಂದು ಬಾಯಿ ತೆರೆದವಳು, ಜ್ವರ ಎಷ್ಟು ದಿನ ಇತ್ತೆಂದು ಕೇಳಿದೆ.

ಅವಳ ಜ್ವರವನ್ನೂ, ಅಂದಾಜಿನ ಅಂಕಿಗಳನ್ನೂ, ಪರಿಶೀಲಿಸದೆ ಸಹಿ ಹಾಕಿದ ನನ್ನ ತಪ್ಪನ್ನೂ ಸೇರಿಸಿ ನಿನ್ನೆಯೇ ಆ ಕಚೇರಿಗೆ ಪತ್ರ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಅವಳ ಸ್ಟೈಫಂಡು ಉಳಿಯುತ್ತದೋ, ನನಗೆ ಇನ್ನು ಮುಂದೆ ವಿದ್ಯಾರ್ಥಿಗಳನ್ನು ಕೊಡುತ್ತಾರೋ ಗೊತ್ತಿಲ್ಲ. ಫೋನು ಸದ್ದು ಮಾಡಿದರೆ ಮೊದಲು ನಂಬರು ನೋಡುತ್ತೇನೆ. ನಾಳೆ ಬೆಳಿಗ್ಗೆ ಸುಚಿತ್ರಾ ಮತ್ತೆ ನೀರು ತರಲು ಹೊರಟಿದ್ದಾಳೆ. ನಾನೂ ಅವಳ ಜೊತೆ ಹೋಗುತ್ತಿದ್ದೇನೆ.