ಉಂಡವರ ಸಹಿ

ಗಿರಿಜಾಬಾಯಿ ಹುಟ್ಟಾ ಸಿಟ್ಟಿನವಳಲ್ಲ. ಅರವತ್ತೆಂಟು ವರ್ಷ ನಗುನಗುತ್ತಲೇ ಬದುಕಿದವಳು. ಆಕೆಗೆ ಸಿಟ್ಟು ಬಂದದ್ದು ಒಂದು ತಟ್ಟೆ ಉಪ್ಪಿಟ್ಟಿನಿಂದ. ಹೇಗೆಂದು ಹೇಳುತ್ತೇನೆ, ಕೂತು ಕೇಳಿರಿ.

ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಕಾಸಾರಶಿರಸಿಯಿಂದ ನಿಲಂಗಾಕ್ಕೆ ಹೋಗುವ ಹಾದಿಯಲ್ಲಿ ನಮ್ಮೂರ ಬಸ್ ಸ್ಟ್ಯಾಂಡ್. ಅದು ಆಕೆಯ ತಂದೆ ಕಾಶೆಪ್ಪನ ಹೊಲದ ಮೂಲೆ. ಬಸುರಿಯರು, ಬಾಣಂತಿಯರು ಬಿಸಿಲಲ್ಲಿ ನಿಲ್ಲಬಾರದೆಂದು ಆತ ಅದನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟ. ಬದಲಿಗೆ ಕೇಳಿದ್ದು ಒಂದೇ ಮಾತು: ನೀರಿಗೂ ನೆರಳಿಗೂ ಇಲ್ಲಿ ಯಾರನ್ನೂ ಏನೂ ಕೇಳಬಾರದು. ಅಂದಿನಿಂದ ಅಲ್ಲಿ ಮೂರು ರಾಂಜಣಗಳಿವೆ, ದೊಡ್ಡ ಹೊಟ್ಟೆಯ ಮಣ್ಣಿನ ಮಡಕೆಗಳು. ಅಪ್ಪನ ನಂತರ ತುಂಬುವವಳು ಗಿರಿಜಾಬಾಯಿ. ಗಂಡ ತೀರಿಕೊಂಡ ದಿನವೂ ನೆರೆಯವರನ್ನು ಕಳಿಸಿ ತುಂಬಿಸಿದಳು.

ಸ್ಟ್ಯಾಂಡಿನ ಛಾವಣಿ ಮಾತ್ರ ಸೋರುತ್ತಿತ್ತು. ಹೆಂಗಸರ ಸಂಡಾಸಿಗೆ ಬಾಗಿಲಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಸೆರಗು ಹಿಡಿದು ಅಡ್ಡ ನಿಲ್ಲಬೇಕು. ಒಂದು ಬಾಗಿಲಿಗಾಗಿ ಗಿರಿಜಾಬಾಯಿ ಏಳು ಅರ್ಜಿ ಕೊಟ್ಟಳು. ಬಾಗಿಲು ಬರಲಿಲ್ಲ. ಬಂದದ್ದು ಉದ್ಯಮಿಗಳ ಸಂಘ.

ಊರವರನ್ನೆಲ್ಲ ಕೂಡಿಸಿ ಸಂಘದ ಪರವಾಗಿ ಮಾತಾಡಿದವನು ಋಷಿಕೇಶ. ತಾಯಿ ಆಳಂದದವಳು, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಸರ್ಕಾರದ ಕೈಲಿ ಒಂದು ಬಾಗಿಲೂ ಆಗುವುದಿಲ್ಲ, ನೀವೇ ನೋಡಿದ್ದೀರಿ ಎಂದ. ಖಾಸಗಿಯವರು ಕೈಜೋಡಿಸಿದರೆ ವರ್ಷದೊಳಗೆ ಹೊಳೆಯುವ ಸ್ಟ್ಯಾಂಡ್ ಎದ್ದು ನಿಲ್ಲುತ್ತದೆ ಎಂದ. ಗಿರಿಜಾಬಾಯಿಯ ಏಳು ಅರ್ಜಿಗಳನ್ನೇ ಪರದೆಯ ಮೇಲೆ ತೋರಿಸಿದ. ಬೇಡಿದವಳ ಬಾಯಿಂದಲೇ ಮಾರುವವನಿಗೆ ಮಾತು ಸಿಕ್ಕಿತ್ತು ನೋಡಿರಿ! ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಕೊಟ್ಟು, ಒಂದು ದಪ್ಪ ಪುಸ್ತಕ ಮುಂದಿಟ್ಟ.

ಊರಿನ ತಪ್ಪು ಆದದ್ದು ಇಲ್ಲೇ. ನಮ್ಮ ಮಠದಲ್ಲಿ ಸೋಮವಾರ ದಾಸೋಹ. ಉಂಡವರು ಕೈ ತೊಳೆದು ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಶ್ರಾವಣದಲ್ಲಿ ಸ್ವಾಮಿಗಳು ಆ ಹೆಸರುಗಳನ್ನೆಲ್ಲ ಓದಿ ಹರಸುತ್ತಾರೆ. ಉಂಡು ಹೆಸರು ಬರೆಯದೆ ಎದ್ದರೆ ನೀಡಿದವರಿಗೆ ಅವಮಾನ. ಹೀಗೆ ಉಪ್ಪಿಟ್ಟು ತಿಂದ ಅರವತ್ತೆರಡು ಮಂದಿಯೂ ಬರೆದರು. ಮೊದಲ ಹೆಸರು ಗಿರಿಜಾಬಾಯಿಯದು.

ಎರಡು ತಿಂಗಳಿಗೆ ಸ್ಟ್ಯಾಂಡಿನ ಗೋಡೆಗೆ ಪ್ರಕಟಣೆ ಬಿತ್ತು. ನಲವತ್ತು ವರ್ಷದ ಗುತ್ತಿಗೆ. ಮೇಲೆ ಅಂಗಡಿಗಳು. ಟಿಕೀಟು ಇದ್ದವರಿಗಷ್ಟೇ ನೆರಳು. ನೀರು ಯಂತ್ರದಲ್ಲಿ, ಕಾಸು ಹಾಕಿದರೆ. ರಾಂಜಣಗಳು ಸ್ವಚ್ಛವಲ್ಲ, ತೆಗೆಯಬೇಕು. ಕೆಳಗೆ, ಒಪ್ಪಿಗೆ ಕೊಟ್ಟ ಅರವತ್ತೆರಡು ಹೆಸರು.

ಮಗಳು ಉಮಾಶ್ರೀ ಓದಿ ಹೇಳುತ್ತಿದ್ದಾಗ ಗಿರಿಜಾಬಾಯಿ ನೀರಿನ ಕೊಡ ಕೆಳಗಿಟ್ಟಳು. ಅಪ್ಪ ಕೇಳಿ ಪಡೆದ ಮಾತನ್ನು ತನ್ನ ಕೈಯಿಂದಲೇ ಮುರಿಸಿದ್ದರಲ್ಲ!

ಸ್ಟ್ಯಾಂಡಿನಲ್ಲೇ ನಡೆದ ಕೊನೆಯ ಅಹವಾಲು ಸಭೆಗೆ ತಹಸೀಲಿನಿಂದ ಮೀನಲ ಎಂಬ ಅಧಿಕಾರಿ ಬಂದಳು, ಸಂಘದವರೂ ಬಂದರು. ಈ ಸಲ ಊಟ ನಮ್ಮದು ಎಂದು ಗಿರಿಜಾಬಾಯಿ ಹೇಳಿಕಳಿಸಿದ್ದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಋಷಿಕೇಶ ಮೂರು ರೊಟ್ಟಿ ತಿಂದ. ಮಠದ ಪುಸ್ತಕ ಮುಂದೆ ಬಂದಾಗ ಇದು ಇಲ್ಲಿಯ ಪದ್ಧತಿ ಎಂದು ಕೇಳಿ, ಖುಷಿಯಿಂದ ಹೆಸರು ಬರೆದು ಸಹಿ ಹಾಕಿದ.

ಸಭೆ ಶುರುವಾಯಿತು. ಅವನು ಒಪ್ಪಿಗೆಯ ಪಟ್ಟಿ ಎತ್ತುವ ಮೊದಲೇ ಗಿರಿಜಾಬಾಯಿ ಎದ್ದು ಪುಸ್ತಕವನ್ನು ಮೀನಲಳ ಮುಂದಿಟ್ಟಳು.

"ಬಾಯಿಸಾಹೇಬ್ರ, ಈ ತಮ್ಮ ತನ್ನ ಕಾರು ನಮ್ಮ ಮಠಕ್ಕ ನಲವತ್ತು ವರ್ಷ ಬರದು ಕೊಟ್ಟಾನ. ಸಹಿ ನೋಡ್ರಿ. ಕೀಲಿ ಕೊಡಸ್ರಿ."

ಋಷಿಕೇಶ ನಕ್ಕ. "ಆಜಿ, ಅದು ಊಟ ಮಾಡೀನಿ ಅಂತ ಬರದಿದ್ದು."

"ನಾ ಬರದಿದ್ದು ಮತ್ತೇನು?"

ಜನ ನಗಲಿಲ್ಲ. ಹಿಂದಿನ ಸಾಲಿನಿಂದ ವೈಜಿನಾಥ ಮಾಸ್ತರ, ನಿನ್ನ ಉಪ್ಪಿಟ್ಟಿಗಿ ಉಪ್ಪೂ ಕಮ್ಮಿ ಇತ್ತು ಎಂದರು. ಋಷಿಕೇಶ ಅಭಿವೃದ್ಧಿಯ ಮಾತು ತೆಗೆದ. ಬಾಗಿಲಿಲ್ಲದ ಸಂಡಾಸು ನಿಮಗೆ ಬೇಕೇ ಎಂದು ಕೇಳಿದ. ಆಗ ಗಿರಿಜಾಬಾಯಿಯ ಸಿಟ್ಟು ಮಾತಾಗಿ ಬಂತು.

"ಬಾಗಿಲ ಕೇಳೀವಿ, ಖರೆ. ಬಾಗಿಲ ಕೇಳಿದ್ರ ಮನೀನೇ ಒಯ್ಯೋದು ಯಾವ ನ್ಯಾಯ? ಏಳು ಅರ್ಜಿ ಒಬ್ರೂ ಓದಲಿಲ್ಲ. ನೀ ಓದ್ದಿ, ನಮಗಲ್ಲ, ನಿನಗ."

ಮೀನಲ ಸಂಘದ ಪುಸ್ತಕವನ್ನೂ ತರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಆ ಅರವತ್ತೆರಡು ಸಹಿಗಳು ಹಾಜರಿ ಮಾತ್ರ, ಒಪ್ಪಿಗೆಯಲ್ಲ, ಗ್ರಾಮಸಭೆಯಲ್ಲಿ ಮತ್ತೆ ಕೇಳಬೇಕು ಎಂದು ಬರೆದಳು. ಯೋಜನೆ ಸತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಗಿಲಿನ ಮಾತನ್ನು ಆಕೆಯೂ ಬರೆಯಲಿಲ್ಲ. ಗಿರಿಜಾಬಾಯಿ ಅಲ್ಲೇ ಎಂಟನೆಯ ಅರ್ಜಿ ಕೊಟ್ಟಳು.

ಹೊರಗೆ ಬಿಸಿಲು ಕಾದಿತ್ತು. ಕಾರು ಹತ್ತುವ ಮೊದಲು ಋಷಿಕೇಶ ರಾಂಜಣದ ಹತ್ತಿರ ಬಂದು ತಡವರಿಸಿದ. ಗಿರಿಜಾಬಾಯಿ ತಂಬಿಗೆ ಅದ್ದಿದಳು. ಅವನು ಬೊಗಸೆ ಒಡ್ಡಿದ.

"ಕುಡಿ ತಮ್ಮಾ," ಎಂದಳು, ಮುಖ ಬೇರೆ ಕಡೆ ತಿರುಗಿಸಿ. "ಇಲ್ಲಿ ಯಾರಿಗೂ ಏನೂ ಕೇಳಬಾರದು ಅಂತ ನಮ್ಮಪ್ಪನ ಮಾತದ. ಇಲ್ಲಂದ್ರ ನಿನಗ ನಾ ಭಾಳ ಕೇಳೋದಿತ್ತು."