ಅರ್ಧ ಬ್ಲೇಡಿನ ಮೇಷ್ಟ್ರು

ಮೇಷ್ಟ್ರ ಬಲಗೈ ಬೆರಳುಗಳ ನಡುವೆ ಸದಾ ಒಂದು ಅರ್ಧ ಬ್ಲೇಡು ಇರುತ್ತಿತ್ತು. ಹೊಳೆನರಸೀಪುರದ ಅವರ ಪುಸ್ತಕದಂಗಡಿಯಲ್ಲಿ ಮಕ್ಕಳು ಪೆನ್ಸಿಲ್ ಕೊಂಡರೆ ಅದನ್ನು ಹೆರೆದು, ಮೊನೆಯನ್ನು ತಮ್ಮ ಅಂಗೈಗೆ ಚುಚ್ಚಿ ನೋಡಿಯೇ ಕೊಡುತ್ತಿದ್ದರು. ಆ ಬ್ಲೇಡಿಗೆ ದೊಡ್ಡ ಕೆಲಸ ತಂದಿಟ್ಟವನು ನಾನು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಿನವರು ಹೇಳುತ್ತಾರೆ, ಅದೂ ನನ್ನ ದನಿಯಲ್ಲೇ.

ತೊಂಬತ್ತರ ದಶಕದ ಕೊನೆ. ಹಳ್ಳಿಮೈಸೂರಿನಿಂದ ಕಾಲೇಜಿಗೆಂದು ಬಸ್ಸು ಹತ್ತಿ ಮೇಷ್ಟ್ರ ಅಂಗಡಿಯಲ್ಲಿ ಇಳಿಯುತ್ತಿದ್ದೆ. ಬಂದುಹೋದವರನ್ನೆಲ್ಲ ಅಣಕಿಸುವುದೇ ಕಸುಬು. ಮೇಷ್ಟ್ರು ಮಾತಿಗೆ ಮುಂಚೆ ಎರಡು ಸಲ ಕೆಮ್ಮಿ "ಹೂಂ, ಇರ್ಲಿ" ಅನ್ನುವುದನ್ನು ಅವರಿಗಿಂತ ನಾನೇ ಚೆನ್ನಾಗಿ ಮಾಡುತ್ತಿದ್ದೆ. ಒಮ್ಮೆ ಕೇಳಿಸಿಕೊಂಡು, "ಎಲ್ಲಾರ್ನೂ ಮಾಡ್ತೀಯಲ್ಲೋ, ನಿನ್ನ ನೀನು ಮಾಡ್ಕೊ ನೋಡೋಣ," ಅಂದರು. ನನ್ನದು ಏರು ಹತ್ತಲಾರದ ಬಸ್ಸಿನ ದನಿ ಎಂದು ಅವತ್ತೇ ಗೊತ್ತಾಗಿದ್ದು.

ಶಾಲೆಯ ನೌಕರಿಗೆ ಸೇರಿದ ಹೊಸತರಲ್ಲಿ ಮೇಷ್ಟ್ರು ಮಕ್ಕಳ ಪದ್ಯಗಳ ಪುಸ್ತಕ ಬರೆದು ತಾವೇ ಅಚ್ಚು ಹಾಕಿಸಿದ್ದರು. ಬದುಕಿನಲ್ಲಿ ಬರೆದದ್ದು ಅದೊಂದೇ. ನಿವೃತ್ತರಾಗಿ ಅಂಗಡಿ ಇಟ್ಟಾಗಲೂ ಅದರ ಕಟ್ಟುಗಳು ಅಟ್ಟದ ಮೇಲೇ ಇದ್ದವು. ಅದರಲ್ಲೊಂದು ಪದ್ಯ: ಕುಂಟುವ ಹುಡುಗಿಯೊಬ್ಬಳು ಮೊಸರಿನ ಗಡಿಗೆ ಸಮೇತ ಬೀಳುತ್ತಾಳೆ, ಊರೆಲ್ಲ ನಗುತ್ತದೆ.

ಅರಕಲಗೂಡಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಅದನ್ನು ಆಡಿಸಲು ಹೊರಟಾಗ, ಅಲ್ಲಿಯ ಟೀಚರೊಬ್ಬರು ವೇದಿಕೆ ಹತ್ತಿ ಬೇಡವೆಂದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಒಂದು ಕಾಲು ಸಣ್ಣದಾಗಿತ್ತು. ಮೇಷ್ಟ್ರ ಹಳೆಯ ಶಿಷ್ಯೆ ಬೇರೆ. ಸುದ್ದಿ ಹಾಸನದ ಪೇಪರಿಗೆ ಬಂತು. ಆಮೇಲೆ ಅಂಗಡಿಗೆ ಬಂದವರೆಲ್ಲ ಶುರುಮಾಡಿದರು: "ಅದೇನೋ ಬೈತಾ ಅವ್ರಲ್ಲ, ಆ ಪುಸ್ತಕ ಕೊಡಿ ಸಾ."

ನಾನು ಸುಮ್ಮನಿರಬೇಕಲ್ಲ. "ಎಲ್ಲರೂ ಬೈಯುತ್ತಿರುವ ಪುಸ್ತಕ ಇಲ್ಲಿ ದೊರೆಯುತ್ತದೆ" ಎಂದು ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದೆ. ಕೊಣನೂರು, ದುದ್ದ, ಚನ್ನರಾಯಪಟ್ಟಣದಿಂದಲೂ ಜನ ಬಂದರು. ಪುಸ್ತಕ ಸುಡಬೇಕೆಂದವರು ಸುಡುವುದಕ್ಕೂ ನಮ್ಮಲ್ಲೇ ಕೊಂಡರು. ಎಲ್ಲರೂ ನೇರ ಆ ಪುಟಕ್ಕೇ ಹೋಗುತ್ತಿದ್ದರು. ಮಿಕ್ಕ ಪದ್ಯಗಳನ್ನು ಯಾರೂ ತಿರುವಿ ನೋಡಲಿಲ್ಲ. ಮೇಷ್ಟ್ರು ಪೆನ್ಸಿಲ್ ಹೆರೆಯುವಾಗ ಗುನುಗುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ಗಿರಾಕಿಗಳೆದುರು ಗಡಿಗೆ ಹೊತ್ತವನಂತೆ ಕುಂಟುತ್ತಾ ಪದ್ಯ ಹೇಳುತ್ತಿದ್ದೆ. ನಗು ತಟ್ಟನೆ ನಿಂತಿತು. ತಿರುಗಿದರೆ ಅದೇ ಟೀಚರು.

ನನ್ನ ಕಡೆ ನೋಡಲೂ ಇಲ್ಲ. "ಸಾರ್, ನೀವು ನನ್ನ ಮೇಲೆ ಬರೀಲಿಲ್ಲ, ಗೊತ್ತು. ನಾನು ಹುಟ್ಟೋಕೆ ಮುಂಚೇನೇ ಬರ್ದಿದ್ರಿ. ಆದ್ರೆ ಪ್ರೈಮರಿ ಮುಗಿಯೋವರ್ಗೂ ಹುಡುಗ್ರು ಇದನ್ನೇ ಹಾಡ್ಕೊಂಡು ನನ್ನ ಹಿಂದೆ ಬಂದ್ರು. ನಿಲ್ಸಿ ಅಂದ್ರೆ ಇನ್ನೂ ಜಾಸ್ತಿ ಮಾರ್ತಾ ಇದ್ದೀರಲ್ಲ. ಈ ಅಂಗಡಿ ಮೆಟ್ಲು ಇನ್ನು ಹತ್ತಲ್ಲ ನಾನು."

ಮೇಷ್ಟ್ರಿಗೆ ಕೆಮ್ಮೂ ಬರಲಿಲ್ಲ. ಟೀಚರು ಹೋದ ಮೇಲೆ ಬೋರ್ಡು ತೆಗೆಸಿದರು. ಉಳಿದ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ, ಆ ಹಾಳೆಯನ್ನು ಅರ್ಧ ಬ್ಲೇಡಿನಿಂದ ಒಂದೊಂದಾಗಿ ಕೊಯ್ಯತೊಡಗಿದರು.

"ಬುಡಿ ಸಾ, ಅದಿಲ್ದಿದ್ರೆ ಯಾರ್ ತಗೊಂಡಾರು?" ಅಂದೆ.

"ಅದೊಂದಕ್ಕೇ ಬರೋರು ನನ್ನ ಪುಸ್ತಕಕ್ಕೆ ಬಂದೋರಲ್ಲ ಕಣೋ. ಹಿಡ್ಕೊ, ಹಾಳೆ ಅಲ್ಲಾಡ್ತಿದೆ."

ಹಿಡಿದುಕೊಂಡೆ. ಮಾರನೆಯ ದಿನದಿಂದ ಬಂದವರೆಲ್ಲ ಪುಟ ಹುಡುಕಿ, ಸಿಗದೆ, ಪುಸ್ತಕ ಅಲ್ಲೇ ಬಿಟ್ಟು ಹೋದರು. ವ್ಯಾಪಾರ ಪೂರ್ತಿ ನಿಂತಾಗ ಮೇಷ್ಟ್ರು ಮತ್ತೆ ಪೆನ್ಸಿಲ್ ಹೆರೆಯುತ್ತಾ ಗುನುಗತೊಡಗಿದರು. ಆದರೂ ಅರಕಲಗೂಡಿನ ಬಸ್ಸಿನಿಂದ ಜನ ಇಳಿದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದರು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ನಾನು ಈಗಲೂ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಮೊದಲು ನನ್ನನ್ನೇ ಅಣಕಿಸಿಕೊಂಡು ಶುರುಮಾಡುತ್ತೇನೆ. ಅದು ಅವರಿಂದ ಬಂದದ್ದು. ಅವರು ನೆನಪಾದಾಗ ಕಣ್ಣಿಗೆ ಕಟ್ಟುವುದು ಮಾತ್ರ, ಹಾಳೆ ಕೊಯ್ದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆದ ಮೊದಲ ವಾರದ ಆ ಸಂಜೆ.

ಹಾಳೆ ಕೊಯ್ದ ಸುದ್ದಿ ಅರಕಲಗೂಡಿಗೂ ಮುಟ್ಟಿರಬೇಕು, ಟೀಚರು ಮೆಟ್ಟಿಲು ಹತ್ತಿ ಬಂದರು. ಪುಸ್ತಕ ತೆರೆದು, ಹಾಳೆ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಅಲ್ಲೇ ನಿಂತು ಬೇರೊಂದು ಪದ್ಯ ಓದಿ ನಕ್ಕರು. "ನನ್ನ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಬೇಕು ಸಾರ್."

ಮೇಷ್ಟ್ರು ಎರಡು ಸಲ ಕೆಮ್ಮಿದರು. "ಹೂಂ, ಇರ್ಲಿ... ಕೂತ್ಕೊಮ್ಮ."

ನನಗೂ ಎಷ್ಟು ಹಗುರಾಯಿತೆಂದರೆ ನಾಲಿಗೆ ತಡೆಯಲಿಲ್ಲ. "ಒಂದು ಹಾಳೆ ಕಮ್ಮಿ ಐತೆ ಮಿಸ್. ರೇಟೂ ಕಮ್ಮಿ ಮಾಡ್ಲಾ?"

ಅವರು ಮೊದಲ ಸಲ ನನ್ನ ಮುಖ ನೋಡಿದರು.

"ಅದು ಇಲ್ಲ ಅಂತಾನೇ ತಗೊಳ್ತಾ ಇರೋದು. ಪೂರ್ತಿ ರೇಟು ಹಾಕು."