ಮೊಸರು ಬಿಟ್ಟ ತಿಂಗಳು

ನಾನು ಚಿಕ್ಕವಳಿದ್ದಾಗ ಯಮುನೆ ಉಕ್ಕಿದ ಸುದ್ದಿ ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಗೆ ತರಕಾರಿಯಿಂದ ತಿಳಿಯುತ್ತಿತ್ತು. ನದಿಯಂಚಿನ ಹೊಲದಲ್ಲಿ ಸೋರೆಕಾಯಿ, ಹೀರೆಕಾಯಿ ಬೆಳೆದು ನಮ್ಮ ಗೇಟಿನ ಬಳಿ ಮಾರುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನ ಅವಳನ್ನು ಫ್ಲೈಓವರ್ ಕೆಳಗೆ ನೋಡಿದೆವು. ನೀಲಿ ಪ್ಲಾಸ್ಟಿಕ್ ಹಾಳೆ, ಒಂದು ಮಂಚ, ಒಂದು ಮೇಕೆ, ಮಡಿಲಲ್ಲಿ ಜ್ವರ ಬಂದ ಪುಟ್ಟ ಮಗಳು. ಸುತ್ತ ಅಂಥವೇ ಎಷ್ಟೋ ಸಂಸಾರಗಳು. ಎಲ್ಲೆಲ್ಲೂ ಕೆಸರಿನ, ಒದ್ದೆ ಹಾಸಿಗೆಯ ವಾಸನೆ.

ಲಾರಿಯಲ್ಲಿ ಬಂದವರು ಪೂರಿ, ಆಲೂ ಹಂಚುತ್ತಿದ್ದರು. ಎಣ್ಣೆ ಸೋರುವ ಪೂರಿ ಆ ಮಗುವಿನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಹಿಂದಿನ ದಿನದಿಂದ ಏನೂ ತಿಂದಿಲ್ಲ ಎಂದು ತಾಯಿ ಹೇಳಿದಳು.

ಜ್ವರವಾಗಲಿ, ಪ್ರಯಾಣವಾಗಲಿ, ನಮ್ಮವರಿಗೆ ಮೊದಲು ನೆನಪಾಗುವುದು ಮೊಸರನ್ನ. ಮರುದಿನ ಬೆಳಿಗ್ಗೆ ಅಮ್ಮ ಪಕ್ಕದ ಕನ್ನಡದ ಮನೆಯವರನ್ನು ಸೇರಿಸಿಕೊಂಡು ದೊಡ್ಡ ಪಾತ್ರೆಯ ತುಂಬ ಕಲಸಿದಳು. ಶುಂಠಿ, ಇಂಗಿನ ಒಗ್ಗರಣೆಯ ಘಮ ಮೆಟ್ಟಿಲವರೆಗೂ ಬಂತು. ಅಪ್ಪ ಅದನ್ನು ಸೈಕಲ್ ರಿಕ್ಷಾದಲ್ಲಿ ಇಟ್ಟರು. ಅಜ್ಜಿಯೂ ಸೇರಿ ಮನೆಯವರೆಲ್ಲ ಫ್ಲೈಓವರ್ ಕೆಳಗೆ ಹೋದೆವು.

ಆ ಹೆಂಗಸು ಪಾತ್ರೆಯೊಳಗೆ ನೋಡಿ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. "ದೀದೀ, ಭಾದೋಂ ಮೇ ದಹೀ? ಬಚ್ಚೀ ಬೀಮಾರ್ ಹೈ!"

ಅಮ್ಮನ ಮುಖ ಸಣ್ಣದಾಯಿತು. "ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದ್ದೀನಿ. ಬೇಡ ಅಂತಾಳಲ್ಲ!"

"ಅಚ್ಛಾ, ಬೇಡ ಅಂದ್ರೆ ಬೇಡ. ಚಲೋ, ವಾಪಸ್ ಹೋಗೋಣ," ಎಂದಳು ಅಕ್ಕ.

ರಾಯಚೂರಿನಿಂದ ಬಂದಿದ್ದ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. "ಏನಂತಾಳವಾ ಆಕಿ?" ಎಂದು ಅಕ್ಕನನ್ನು ಕೇಳಿದರು. ಭಾದ್ರಪದದಲ್ಲಿ ಮೊಸರು ತಿನ್ನಬಾರದಂತೆ, ಮಗುವಿನ ಜ್ವರ ಜಾಸ್ತಿ ಆಗುತ್ತದಂತೆ ಎಂದಳು ಅಕ್ಕ. ಅಜ್ಜಿ ನಕ್ಕುಬಿಟ್ಟರು.

"ನಾನರ ಈ ತಿಂಗಳು ಮೊಸರು ಮುಟ್ಟೀನೇನು? ನನಗ ಬಡಸಲಿಲ್ಲ, ಆಕಿಗೆ ಯಾಕ ತಂದಿ?"

ನಿಜ. ಮಳೆಗಾಲದಲ್ಲಿ ಒಂದು ತಿಂಗಳು ಮೊಸರು ಬಿಡುವುದು ಅಜ್ಜಿಯ ವ್ರತ. ಅವರಿಗೆಂದು ಅಮ್ಮ ಪ್ರತಿದಿನ ಬೇರೆ ಅನ್ನ, ಮೆಣಸಿನ ಸಾರು ಮಾಡುತ್ತಿದ್ದಳು. ಅಜ್ಜಿ ಅದೇ ರಿಕ್ಷಾದಲ್ಲಿ ಮನೆಗೆ ಹೋಗಿ ತಮ್ಮ ಪಾತ್ರೆಗಳನ್ನೇ ತಂದರು. ಸಾರಿನಲ್ಲಿ ಅನ್ನ ಮೆತ್ತಗೆ ಕಿವುಚಿ ತಾಯಿಯ ಕೈಗೆ ಕೊಟ್ಟರು. ಮಗು ಮೊದಲ ತುತ್ತಿಗೆ ಮುಖ ಕಿವುಚಿತು. ಎರಡನೆಯದಕ್ಕೆ ತಾನೇ ಬಾಯಿ ತೆರೆಯಿತು. ಅಮ್ಮ ಇನ್ನಷ್ಟು ಸಾರು ಮಾಡಲು ಮನೆಗೆ ನಡೆದಳು. ಆ ದಿನ ಅಜ್ಜಿ ಅವಲಕ್ಕಿ ತಿಂದರು. ಮೊಸರನ್ನವನ್ನು ನಮ್ಮ ವಸತಿ ಸೊಸೈಟಿಯ ಕನ್ನಡದವರೆಲ್ಲ ಸೇರಿ ಮುಗಿಸಿದೆವು.

ಮಕ್ಕಳೇ, ಈಗ ನೀವು ಮೆಟ್ರೋ ಕಿಟಕಿಯಿಂದ ಅದೇ ಹೊಲಗಳನ್ನು ನೋಡುತ್ತೀರಿ. ನದಿ ಈಗಲೂ ಉಕ್ಕುತ್ತದೆ, ನೀಲಿ ಹಾಳೆಗಳು ಈಗಲೂ ರಸ್ತೆಗೆ ಬರುತ್ತವೆ. ಹೋದ ಮಳೆಗಾಲ ನೀವಿಬ್ಬರೂ ಫೋನ್ ಒತ್ತಿ ಅವರಿಗಾಗಿ ಬಿಸ್ಕತ್ತಿನ ಡಬ್ಬ ತರಿಸಿದಿರಿ. ನಮ್ಮಂತೆ ಇಡೀ ಬೆಳಗು ಒಲೆಯ ಮುಂದೆ ನಿಲ್ಲುವುದು ನಿಮಗೆ ಬೇಕಾಗಲಿಲ್ಲ. ಅಂದು ವಾಪಸ್ ಹೋಗೋಣ ಎಂದಿದ್ದ ನನ್ನ ಅಕ್ಕನೇ, ಅಂದರೆ ನಿಮ್ಮ ಅಮ್ಮ, ಬಾಗಿಲಲ್ಲಿ ನಿಂತು ಕೇಳಿದಳು: "ಅವರಿಗೆ ಏನು ಬೇಕು ಅಂತ ಕೇಳಿದ್ರಾ?"

ನೀವು ಡಬ್ಬವನ್ನು ಅಲ್ಲೇ ಬಿಟ್ಟು, ಅವರನ್ನೇ ಕೇಳಿ ಬರಲು ಚಪ್ಪಲಿ ಹಾಕಿಕೊಂಡಿರಿ.